ವಾಹನಗಳ ಅಂಕಿತ: ಜಾವಾ, ಯೆಜ್ಡಿ, ಮೆರ್ಕೂರ್

ಇತ್ತೀಚಿನ ಐವತ್ತು ಅರುವತ್ತು ವರ್ಷಗಳ ಕನ್ನಡ ಕಥೆ ಕಾದಂಬರಿಗಳನ್ನು ಪಾಠ ಹೇಳುವ ಅಧ್ಯಾಪಕರಿಗೆ ಒಂದು ಹೊಸ ತೊಡಕು ಒದಗಿರುವುದು. ಪ್ರಾಚೀನ ಕಾವ್ಯಗಳಲ್ಲಿ ಬರುವ ಆನೆ ಕುದುರೆಗಳ ಜಾತಿಭೇದಗಳನ್ನು ವಿವರಿಸುವುದಕ್ಕೆ ಗಜಶಾಸ್ತ್ರ, ಅಶ್ವಶಾಸ್ತ್ರಗಳ ಆಧಾರವುಂಟು. ಹೊಸ ಗ್ರಂಥಗಳಲ್ಲಿ ಬರುವ ಮೋಟಾರು ವಾಹನಗಳ ಹೆಸರಿಗೆ ಮಾತ್ರ ಟಿಪ್ಪಣಿಕಾರರು ‘ಒಂದು ಬಗೆಯ ವಾಹನ’ ಎಂದಷ್ಟೇ ಬರೆದು ಮುಂದೆ ಸಾಗುವರು. ಜಾವಾ ಎಂಬಲ್ಲಿಯೂ ಅದೇ ಟಿಪ್ಪಣಿ, ಯೆಜ್ಡಿ ಎಂಬಲ್ಲಿಯೂ ಅದೇ ಟಿಪ್ಪಣಿ. ಇದನ್ನು ನೋಡಿದ ವಿದ್ಯಾರ್ಥಿಯು ಇವು ಎರಡು ಬೇರೆ ಬೇರೆ ವಸ್ತುಗಳೆಂದು ಭಾವಿಸುವನು. ವಸ್ತುತಃ ಒಂದೇ ಶರೀರಕ್ಕೆ ಬಿದ್ದ ಎರಡು ಅಂಕಿತಗಳಿವು.

‘ಅಂಕಿತ’ ಎಂಬ ಶಬ್ದವನ್ನು ಬುದ್ಧಿಪೂರ್ವಕವಾಗಿಯೇ ಇಲ್ಲಿ ಪ್ರಯೋಗಿಸಿದೆ. ದಾಸಸಾಹಿತ್ಯದ ಹಸ್ತಪ್ರತಿಗಳನ್ನು ಪರಿಶೀಲಿಸಿದವರಿಗೆಲ್ಲ ಅನುಭವವಿರುವ ಸಂಗತಿಯೇನೆಂದರೆ, ಒಂದೇ ಪದವು ಒಂದು ಪ್ರತಿಯಲ್ಲಿ ಒಬ್ಬರ ಅಂಕಿತದಿಂದಲೂ ಮತ್ತೊಂದರಲ್ಲಿ ಇನ್ನೊಬ್ಬರ ಅಂಕಿತದಿಂದಲೂ ದೊರೆಯುವುದುಂಟು. ಆಗ ಸಂಪಾದಕನು ಕೊನೆಯ ನುಡಿಯ ಅಂಕಿತವನ್ನು ಮಾತ್ರ ನಂಬಿ ಕರ್ತೃನಿರ್ಣಯವನ್ನು ಮಾಡನು. ಪದದ ಒಡಲನ್ನು ನೋಡುವನು. ಮೋಟಾರು ವಾಹನದ ಮೂತಿಯ ಮೇಲೆ ಹೊಳೆಯುವ ಬಿಲ್ಲೆಯನ್ನೂ ಹೀಗೆಯೇ ಪರೀಕ್ಷಿಸಬೇಕಾಗಿದೆ. ಆ ಬಿಲ್ಲೆಯು ಅನೇಕ ವೇಳೆ ಮಾಡಿದವನ ಹೆಸರಲ್ಲ, ಮಾರುವವನ ಮುದ್ರೆ ಎಂಬುದೇ ಇಲ್ಲಿ ಪ್ರತಿಪಾದಿಸಬೇಕಾದ ವಿಷಯ.

ಮೊದಲು ನಮ್ಮ ಸಮೀಪದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಯೂರೋಪಿನ ಚೆಕೊಸ್ಲೊವಾಕಿಯಾ ದೇಶದ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿಯು ೧೯೨೯ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡುಕೊಂಡು ತನ್ನ ಉದ್ಯಮವನ್ನು ಆರಂಭಿಸಿದನು. ತನ್ನ ಹೆಸರಿನ ಮೊದಲೆರಡು ಅಕ್ಷರಗಳನ್ನೂ ವಾಂಡರರ್ ಎಂಬುದರ ಮೊದಲೆರಡು ಅಕ್ಷರಗಳನ್ನೂ ಕೂಡಿಸಿ ‘ಜಾವಾ’ ಎಂಬ ಹೆಸರನ್ನು ನಿರ್ಮಿಸಿದನು. (ಆ ದೇಶದ ಉಚ್ಚಾರಣೆಯಲ್ಲಿ ಅದು ‘ಯಾವಾ’ ಎಂದಾಗುವುದು.) ಲವಂಗ ಮೆಣಸುಗಳ ಜಾವಾ ದ್ವೀಪಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಆದಿಯ ಅಕ್ಷರವನ್ನು ಹಿಡಿದು ಹೆಸರು ಕಟ್ಟುವ ಈ ಕ್ರಮವು ಪ್ರತ್ಯಾಹಾರಗಳನ್ನು ಬಾಯಿಪಾಠ ಮಾಡಿದ ನಮ್ಮಂಥವರಿಗೆ ಅಪರಿಚಿತವೇನಲ್ಲ.

ಈ ಜಾವಾ ವಾಹನವನ್ನು ನಮ್ಮಲ್ಲಿಯೇ ನಿರ್ಮಿಸುವುದಕ್ಕಾಗಿ ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿ ಎಂಬ ಪಾರಸಿ ಮಹನೀಯರು ೧೯೬೦ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿದರು. ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಪ್ರೋತ್ಸಾಹವು ಅದಕ್ಕೆ ದೊರೆತಿತು. ೧೯೬೧ರಿಂದ ಯಾದವಗಿರಿಯ ಕಾರಖಾನೆಯಲ್ಲಿ ಚೆಕ್ ದೇಶದ ಪರವಾನಗಿಯ ಮೇರೆಗೆ ಗಾಡಿಗಳು ತಯಾರಾಗತೊಡಗಿದವು. ಪರವಾನಗಿಯ ಸಂಬಂಧವು ಮುಗಿದ ಮೇಲೆ, ೧೯೭೩ರಿಂದೀಚೆಗೆ, ಅದೇ ಕಾರಖಾನೆಯಿಂದ ಹೊರಬಿದ್ದ ವಾಹನಕ್ಕೆ ‘ಯೆಜ್ಡಿ’ ಎಂಬ ನಾಮಧೇಯವಾಯಿತು. ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆಗಳು, ಒಂದೇ ಸನ್ನೆಯಿಂದ ಕಿಕ್ಕನ್ನೂ ಹೊಡೆಯಬಹುದು, ಗೇರನ್ನೂ ಬದಲಿಸಬಹುದು ಎಂಬ ಚಮತ್ಕಾರ, ಪೆಟ್ರೋಲಿನೊಡನೆ ಎಣ್ಣೆಯನ್ನು ಬೆರೆಸಿ ಹಾಕಬೇಕಾದ ಎರಡು ಹೊಡೆತದ ಯಂತ್ರ: ಇವೆಲ್ಲವೂ ಜಾವಾದಿಂದ ಯೆಜ್ಡಿಗೆ ವಂಶಪಾರಂಪರ್ಯವಾಗಿ ಬಂದವು. ಕಾಲಕ್ರಮದಲ್ಲಿ ಮಾರ್ಪಾಡುಗಳಾದವು ನಿಜ. ಆದರೆ ಹೆಸರು ಬದಲಾದುದು ವಸ್ತು ಬದಲಾದುದರಿಂದಲ್ಲ.

ಯೆಜ್ಡಿ ಎಂಬ ಹೆಸರಿನ ವ್ಯುತ್ಪತ್ತಿಯು ಸಂಸ್ಕೃತಜ್ಞರಿಗೆ ವಿಶೇಷ ಕುತೂಹಲವನ್ನುಂಟುಮಾಡತಕ್ಕದ್ದಾಗಿದೆ. ಇರಾನದಲ್ಲಿ ಯಜ್ದ್ ಎಂಬ ಪ್ರಾಚೀನ ನಗರವಿದೆ; ಜರತುಷ್ಟ್ರ ಮತದವರಿಗೆ ಅದು ಮುಖ್ಯ ಕ್ಷೇತ್ರ. ಆ ಊರಿನವನು ಯಜ್ದಿ. ಆ ನಗರನಾಮವನ್ನು ಅವೆಸ್ತಾ ಭಾಷೆಯ ‘ಯಜತ’ ಎಂಬುದಕ್ಕೆ ವಿದ್ವಾಂಸರು ಸಂಬಂಧಿಸುವರು. ಪೂಜಾರ್ಹನೆಂಬ ಅರ್ಥದ ಈ ಶಬ್ದವು ವೇದದಲ್ಲಿಯೂ ಇದೇ ರೂಪದಲ್ಲಿದೆ. ಎರಡಕ್ಕೂ ಯಜ್ ಎಂಬ ಒಂದೇ ಧಾತು. ಯಜ್ಞ, ಯಜಮಾನ, ಯಾಗ ಎಂಬ ನಮ್ಮ ಶಬ್ದಗಳು ಹುಟ್ಟಿದುದೂ ಆ ಧಾತುವಿನಿಂದಲೇ. ಹೀಗೆ ಚೆಕ್ ದೇಶದ ಯಂತ್ರವು ಮೈಸೂರಿನಲ್ಲಿ ಹುಟ್ಟಿ ಇರಾನದ ನಗರದ ಹೆಸರನ್ನು ಹೊತ್ತು, ಹೋಮಕುಂಡದ ಧಾತುವಿನೊಡನೆ ನಂಟು ಬೆಳೆಸಿತು. ಹೊಗೆಯಾದರೂ ಸಾಕಷ್ಟಿತ್ತು.

ಈಗ ಶಾಸ್ತ್ರದ ಕಡೆಗೆ ಸ್ವಲ್ಪ ತಿರುಗುವುದು ಅವಶ್ಯವಾಗಿದೆ. ಶಬ್ದಗಳ ಪ್ರವೃತ್ತಿಯು ಜಾತಿ, ಗುಣ, ಕ್ರಿಯೆ, ಯದೃಚ್ಛೆ ಎಂದು ನಾಲ್ಕು ಬಗೆಯೆಂದು ಮಹಾಭಾಷ್ಯಕಾರನು ಹೇಳಿರುವನು. ಡಿತ್ಥ, ಡವಿತ್ಥ ಎಂಬ ಹೆಸರುಗಳು ಯದೃಚ್ಛಾಶಬ್ದಕ್ಕೆ ಪ್ರಸಿದ್ಧ ಉದಾಹರಣೆಗಳು. ಇಟ್ಟವನ ಇಚ್ಛೆಯೊಂದೇ ಅವಕ್ಕೆ ಕಾರಣ. ಶಬ್ದಾರ್ಥಸಂಬಂಧವು ನಿತ್ಯವೆಂದು ಮೀಮಾಂಸಕರೂ, ಸಂಕೇತಾಧೀನವೆಂದು ನೈಯಾಯಿಕರೂ ವಾದಿಸುವರು. ಇಂದಿನವರು ಮಾಡಿದ ಸಂಕೇತಕ್ಕೆ ಪರಿಭಾಷೆಯೆಂದು ಹೆಸರು. ವಾಹನಗಳ ಹೆಸರುಗಳೆಲ್ಲವೂ ಈ ಕೊನೆಯ ವರ್ಗದವೆಂಬುದರಲ್ಲಿ ವಿವಾದವಿಲ್ಲ. ವಿಶೇಷವೇನೆಂದರೆ, ಡಿತ್ಥನ ಹೆಸರನ್ನು ಯಾರೂ ಕ್ರಯಕ್ಕೆ ಕೊಡುವಂತಿರಲಿಲ್ಲ. ಇಲ್ಲಿ ಸಂಕೇತವೇ ಒಂದು ಸೊತ್ತು. ಅದನ್ನು ಬಾಡಿಗೆಗೆ ಕೊಡಬಹುದು, ಮಾರಬಹುದು, ಅದಕ್ಕಾಗಿ ನ್ಯಾಯಾಲಯದಲ್ಲಿ ವ್ಯಾಜ್ಯ ಹೂಡಬಹುದು.

ಈ ವ್ಯವಹಾರವು ಅತಿಶಯವಾಗಿ ಬೆಳೆದುದು ಅಮೇರಿಕಾದಲ್ಲಿ. ಅಲ್ಲಿಯ ದೊಡ್ಡ ಕಂಪನಿಗಳಿಗೆ ಊರೂರಿನಲ್ಲಿ ಏಜೆಂಟರ ಅಂಗಡಿಗಳುಂಟು. ಚಿಕ್ಕ ಕಾರುಗಳನ್ನು ಕೇಳುವ ಗಿರಾಕಿಗಳು ಬಂದಾಗ ಹೊಸದಾಗಿ ಅಂಥ ಕಾರನ್ನು ನಿರ್ಮಿಸುವ ಬದಲು ಯೂರೋಪಿನಲ್ಲಿದ್ದ ತಮ್ಮ ಅಂಗಸಂಸ್ಥೆಗಳ ಕಾರುಗಳನ್ನು ತರಿಸಿ ಆ ಅಂಗಡಿಗಳಲ್ಲಿ ಇರಿಸುವುದು ಸುಲಭವೆಂದು ಕಂಡಿತು. ೧೯೫೦ರ ದಶಕದ ಕೊನೆಯಲ್ಲಿ ಜರ್ಮನಿಯ ಓಪೆಲ್ ಕಾರುಗಳು ಬ್ಯೂಕ್ ಅಂಗಡಿಗಳಲ್ಲಿಯೂ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರುಗಳು ಪಾಂಟಿಯಾಕ್ ಅಂಗಡಿಗಳಲ್ಲಿಯೂ ಬಂದು ನಿಂತವು. ಅವು ತಮ್ಮ ಹೆಸರನ್ನಾದರೂ ಉಳಿಸಿಕೊಂಡಿದ್ದವು. ಕರಾವಳಿಯ ಕೆಲವು ಮನೆತನಗಳಲ್ಲಿ ಮದುವೆಯ ದಿನವೇ ವಧುವಿಗೆ ಹೊಸ ಹೆಸರಿಡುವ ಪದ್ಧತಿಯಿತ್ತಷ್ಟೆ. ಅಂಥ ಗತಿ ಮುಂದೆ ಬಂದ ಕಾರುಗಳಿಗೆ ಒದಗಿತು. ಇಂಗ್ಲೆಂಡಿನ ಹಿಲ್ಮನ್ ಅವೆಂಜರ್ ಎಂಬ ಕಾರು ೧೯೭೧ರಲ್ಲಿ ಅಮೇರಿಕಾದ ಪ್ಲಿಮತ್ ಅಂಗಡಿಗಳಿಗೆ ‘ಕ್ರಿಕೆಟ್’ ಎಂಬ ಹೆಸರಿನಿಂದ ಬಂದಿತು. ಸೇಡು ತೀರಿಸುವವನು ಸಮುದ್ರ ದಾಟುವಷ್ಟರಲ್ಲಿ ಜೀರುಂಡೆಯಾದನು! ಎರಡು ವರ್ಷಗಳಲ್ಲಿ ಆ ಜೀರುಂಡೆಯ ದನಿಯೂ ಅಡಗಿತು.

ಇವುಗಳಲ್ಲಿ ಅತ್ಯಂತ ವಿಚಾರಾರ್ಹವಾದುದು ‘ಮೆರ್ಕೂರ್’. ಫೋರ್ಡ್ ಕಂಪನಿಯು ಯೂರೋಪಿನಲ್ಲಿ ಸಿಯೆರಾ ಎಂಬ ಕಾರನ್ನು ಮಾರುತ್ತಿತ್ತು. ಅದನ್ನು ಅಮೇರಿಕಾಕ್ಕೆ ತರಬೇಕೆಂದಾಗ ಆ ಹೆಸರು ಒದಗಲಿಲ್ಲ. ಪ್ರತಿಸ್ಪರ್ಧಿಯಾದ ಜನರಲ್ ಮೋಟಾರ್ಸ್‌ನವರು ಸಿಯೆರಾ ಎಂಬುದನ್ನು ಒಂದು ವಾಹನಕ್ಕೂ ಅದೇ ಧ್ವನಿಯ ಮತ್ತೊಂದು ಹೆಸರನ್ನು ಇನ್ನೊಂದಕ್ಕೂ ಆಗಲೇ ಇಟ್ಟಿದ್ದರು. ಮಾರಬೇಕಾಗಿದ್ದುದು ಲಿಂಕನ್–ಮರ್ಕ್ಯುರಿ ಅಂಗಡಿಗಳಲ್ಲಿ. ಆದುದರಿಂದ ಮರ್ಕ್ಯುರಿ ಎಂಬುದಕ್ಕೆ ಜರ್ಮನ್ ಭಾಷೆಯಲ್ಲಿರುವ ರೂಪವನ್ನೇ ತೆಗೆದುಕೊಂಡು ‘ಮೆರ್ಕೂರ್’ ಎಂದು ನಾಮಕರಣ ಮಾಡಿದರು. ಮರ್ಕ್ಯುರಿಯೆಂದರೆ ನಮ್ಮ ಬುಧಗ್ರಹ. ರೋಮನರಲ್ಲಿ ವಾಣಿಜ್ಯದ ಅಧಿದೇವತೆ. ನಮ್ಮ ಜ್ಯೋತಿಷದಲ್ಲಿಯೂ ಬುಧನು ವ್ಯಾಪಾರಕಾರಕನೇ. ಅಂಗಡಿಯವನ ಹೆಸರನ್ನೇ ಭಾಷಾಂತರಿಸಿ ಕಾರಿಗೆ ಇಟ್ಟ ಈ ಪ್ರಸಂಗದಲ್ಲಿ ಬಿಲ್ಲೆಯು ವಿಕ್ರೇತೃವಿನ ಮುದ್ರೆಯೆಂಬ ನಮ್ಮ ಪಕ್ಷವು ನಿಸ್ಸಂದೇಹವಾಗಿ ಸಿದ್ಧವಾಗುವುದು.

ಈ ಕಾರುಗಳನ್ನು ಜರ್ಮನಿಯ ರೈನೆ ಪಟ್ಟಣದಲ್ಲಿ ಕಾರ್ಮನ್ ಎಂಬ ಕಂಪನಿಯವರು ಕಟ್ಟುತ್ತಿದ್ದರು. ೧೯೮೫ರಿಂದ ೧೯೮೯ರವರೆಗೆ ಮೊದಲನೆಯ ಮಾದರಿಯವು ೪೦,೦೦೦ಕ್ಕೆ ಸ್ವಲ್ಪ ಹೆಚ್ಚಾಗಿ ಹೋದವು. ಜರ್ಮನ್ ನಾಣ್ಯದ ಬೆಲೆಯು ಡಾಲರಿನೆದುರು ಏರಿದಂತೆ ಕಾರಿನ ಬೆಲೆಯೂ ಏರಿತು. ಹೆಸರನ್ನು ಉಚ್ಚರಿಸುವುದಕ್ಕೇ ಗಿರಾಕಿಗಳು ತಡವರಿಸಿದರು. ದೊಡ್ಡ ಕಾರುಗಳನ್ನು ಮಾರಿ ರೂಢಿಯಿದ್ದ ಏಜೆಂಟರಿಗೆ ಇದರಲ್ಲಿ ಆಸಕ್ತಿಯೂ ಸಾಲದಾಯಿತು. ಅಂತೂ ೧೯೮೯ರಲ್ಲಿ ಹೆಸರು ಅಳಿಯಿತು. ಕಾರುಗಳು ಮಾತ್ರ ರಸ್ತೆಯಲ್ಲಿ ಉಳಿದವು. ಕೊಂಡವನ ಪಾಡೇನು? ಬಾಗಿಲಿನ ಗಾಜೊಡೆದರೆ ಮೆರ್ಕೂರ್ ಎಂಬ ಹೆಸರಿನಿಂದ ಹುಡುಕಿ ಪ್ರಯೋಜನವಿಲ್ಲ. ಅದು ಯೂರೋಪಿನ ಸಿಯೆರಾ ಎಂಬುದನ್ನು ಬಲ್ಲವನಿಗೆ ಮಾತ್ರ ಬಿಡಿಭಾಗ ದೊರೆಯುವುದು. ಮೂಲಪಾಠವನ್ನು ತಿಳಿಯದವನಿಗೆ ಪಾಠಾಂತರವು ಕೈಕೊಡುವಂತೆಯೇ ಇದು. ಮುಂದೆ ಓಪೆಲ್ ಒಮೆಗಾ ಎಂಬುದು ೧೯೯೭ರಿಂದ ೨೦೦೧ರವರೆಗೆ ಕ್ಯಾಡಿಲಾಕ್ ಕಟೇರಾ ಎಂಬ ಹೆಸರಿನಿಂದಲೂ, ಬೆಲ್ಜಿಯಂ ದೇಶದ ಆಂಟ್‌ವರ್ಪಿನಲ್ಲಿ ತಯಾರಾದ ಓಪೆಲ್ ಆಸ್ಟ್ರಾ ಎಂಬುದು ೨೦೦೮ರಲ್ಲಿ ಸ್ಯಾಟರ್ನ್ ಆಸ್ಟ್ರಾ ಎಂಬ ಹೆಸರಿನಿಂದಲೂ ಅದೇ ಹಾದಿಯನ್ನು ಹಿಡಿದವು. ಸ್ಯಾಟರ್ನ್ ಎಂದರೆ ಶನಿ. ಮರುವರ್ಷವೇ ಜನರಲ್ ಮೋಟಾರ್ಸ್ ದಿವಾಳಿಯ ಕಟಕಟೆಗೆ ಏರಿತು. ಸ್ಯಾಟರ್ನ್ ಎಂಬ ಹೆಸರು ಅಲ್ಲಿಗೆ ಮುಗಿಯಿತು. ಹೆಸರಿಡುವವರು ಜೋಯಿಸರನ್ನು ಕೇಳಲಿಲ್ಲವೆಂದು ಯಾರಾದರೂ ನಕ್ಕರೆ ನಾನು ಆಕ್ಷೇಪಿಸೆನು.

ನಮ್ಮ ದೇಶದಲ್ಲಿ ಕಾರಣವು ಬೇರೆ, ಕಾರ್ಯವು ಒಂದೇ. ವಿದೇಶದ ಕಾರುಗಳ ಆಮದಿಗೆ ನಿರ್ಬಂಧವಿದ್ದುದರಿಂದ ಪರವಾನಗಿಯ ಮೇಲೆ ಇಲ್ಲಿಯೇ ತಯಾರಿಸುವ ಮಾರ್ಗವನ್ನು ಹಿಡಿದರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಡರ್ ಆಗಿ ೨೦೧೪ರವರೆಗೆ ಬಾಳಿತು. ಇಟಲಿಯ ಫಿಯೆಟ್ ೧೧೦೦ ಎಂಬುದು ಮುಂಬಯಿಯಲ್ಲಿ ೧೯೭೪ರಿಂದ ಪದ್ಮಿನಿಯಾಯಿತು. ಆದರೂ ಜನರ ಬಾಯಲ್ಲಿ ಅದು ಫಿಯೆಟ್ಟಾಗಿಯೇ ಉಳಿಯಿತು. ನಮ್ಮ ಹೇರೂರಿನ ಕಡೆಯಲ್ಲಿ ಯೆಜ್ಡಿಯನ್ನೂ ಜಾವಾ ಎಂದೇ ಕರೆಯುವ ಹಿರಿಯರನ್ನು ಬಲ್ಲೆನು. ಉತ್ತರ ಕರ್ನಾಟಕದವರು ಎರಡನ್ನೂ ಬಿಟ್ಟು ‘ಫಟಫಟಿ’ ಎಂದುಬಿಟ್ಟರು. ಸದ್ದನ್ನು ಅನುಸರಿಸಿ ಹುಟ್ಟಿದ ಈ ಅನುಕರಣಶಬ್ದಕ್ಕೆ ಯಾವ ಕಂಪನಿಯ ಒಡೆತನವೂ ಇಲ್ಲ. ರೂಢಿಯು ಬಿಲ್ಲೆಗಿಂತ ಬಲವತ್ತರವೆಂಬುದಕ್ಕೆ ಇದೇ ಸಾಕ್ಷಿ.

ಅಮೇರಿಕಾದ ಕ್ರಮವೇ ಕರ್ನಾಟಕದಲ್ಲಿ ಈಗ ಕಾಣಿಸಿಕೊಂಡಿರುವುದು ಬೆಂಗಳೂರು–ಮೈಸೂರು ಮಾರ್ಗದ ಬಿಡದಿಯಲ್ಲಿ ಕಾರಖಾನೆಯುಳ್ಳ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯಲ್ಲಿ. ಗುಜರಾತಿನಲ್ಲಿ ತಯಾರಾಗುವ ಸುಜುಕಿಯ ಬಲೆನೊ ಎಂಬ ಕಾರನ್ನು ೨೦೧೯ರಿಂದ ಟೊಯೋಟಾ ಅಂಗಡಿಯಲ್ಲಿ ಗ್ಲಾಂಜಾ ಎಂದು ಮಾರತೊಡಗಿದರು. ಪ್ರತಿಯಾಗಿ ಬಿಡದಿಯ ಇನ್ನೋವಾ ಹೈಕ್ರಾಸ್ ೨೦೨೩ರಲ್ಲಿ ಮಾರುತಿ ಸುಜುಕಿಯ ಅಂಗಡಿಗೆ ಹೋಗಿ ಇನ್‌ವಿಕ್ಟೊ ಎನಿಸಿತು. ಸಾಟಿವಿವಾಹದಂತೆ ಈ ಮನೆಯಿಂದ ಆ ಮನೆಗೆ, ಆ ಮನೆಯಿಂದ ಈ ಮನೆಗೆ. ಇದಕ್ಕೂ ಮೊದಲು ಬೆಂಗಳೂರಿನ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ೨೦೦೪ರಿಂದ ಲಂಡನ್ನಿನಲ್ಲಿ ‘ಜೀ–ವಿಜ್’ ಎಂಬ ಹೆಸರಿನಿಂದ ಮಾರಾಟವಾಗಿತ್ತು. ಅದು ಇಂಗ್ಲಿಷಿನ ಒಂದು ಆಶ್ಚರ್ಯಸೂಚಕ ಅವ್ಯಯವನ್ನು ನೆನಪಿಸುವ ಹೆಸರು. ಅವ್ಯಯವೇ ನಾಮಪದವಾಗಿ ಚಕ್ರದ ಮೇಲೆ ಓಡಿದುದು ವೈಯಾಕರಣರು ಗಮನಿಸತಕ್ಕ ಸಂಗತಿ.

ಮೈಸೂರಿನ ಕಾರಖಾನೆಯು ೧೯೯೬ರಲ್ಲಿ ಮುಚ್ಚಿತು. ಯಂತ್ರಗಳ ಸದ್ದು ನಿಂತು ಕಾಲು ಶತಮಾನವಾದ ಮೇಲೆ ಹೆಸರಿನ ಸದ್ದು ಎದ್ದಿತು. ಮಹೀಂದ್ರ ಸಮೂಹದ ಕ್ಲಾಸಿಕ್ ಲೆಜೆಂಡ್ಸ್ ಎಂಬ ಸಂಸ್ಥೆಯು ಜಾವಾ ಹೆಸರನ್ನು ೨೦೧೮ರಲ್ಲಿಯೂ ಯೆಜ್ಡಿ ಹೆಸರನ್ನು ೨೦೨೨ರ ಜನವರಿಯಲ್ಲಿಯೂ ಮತ್ತೆ ಮಾರುಕಟ್ಟೆಗೆ ತಂದಿತು. ಈ ಗಾಡಿಗಳು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಯಂತ್ರವು ನಾಲ್ಕು ಹೊಡೆತದ್ದು. ಹಿಂದೆ ಒಡಲು ಒಂದೇ, ಹೆಸರು ಎರಡಾಗಿದ್ದವು. ಈಗ ಹೆಸರು ಅದೇ, ಒಡಲು ಬೇರೆ. ಯೆಜ್ಡಿ ಎಂಬ ಹೆಸರು ಯಾರದೆಂಬ ವ್ಯಾಜ್ಯವು ಕರ್ನಾಟಕದ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಸಮಾಪನೆಗೊಳಗಾದ ಹಳೆಯ ಕಂಪನಿಯದೇ ಆ ಹೆಸರೆಂದು ಏಕಸದಸ್ಯ ಪೀಠವು ೨೦೨೨ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಅದರ ಮೇಲೆ ಮೇಲ್ಮನವಿಯೂ ಆಯಿತು. ಕಂಪನಿಯು ಸಮಾಪನೆಗೆ ಒಳಗಾದಾಗ ಅದರ ಸೊತ್ತಿನಿಂದಲೇ ಸಾಲಿಗರ ಬಾಕಿ ತೀರಬೇಕು. ಆದುದರಿಂದ ನಾಲ್ಕಕ್ಷರದಷ್ಟೂ ಇಲ್ಲದ ಈ ಯದೃಚ್ಛಾಶಬ್ದವು ಯಾರ ಲೆಕ್ಕದಲ್ಲಿ ಸೇರಬೇಕೆಂಬುದು ಬರಿಯ ಶಬ್ದವಿಚಾರವಾಗಿ ಉಳಿಯಲಿಲ್ಲ.

ಇನ್ನು ಟಿಪ್ಪಣಿಕಾರರ ಪ್ರಯೋಜನಕ್ಕೆ ಬರೋಣ. ಮೈಸೂರಿನಲ್ಲಿ ತಯಾರಾದ ಜಾವಾ ಎಂದು ಒಂದು ಕಥೆಯಲ್ಲಿದ್ದರೆ ಆ ಗಾಡಿಯು ೧೯೬೧ಕ್ಕಿಂತ ಹಿಂದಿನದಲ್ಲ. ಹೊಸದಾಗಿ ಕೊಂಡ ಯೆಜ್ಡಿ ಎಂದಿದ್ದರೆ ೧೯೭೩ಕ್ಕಿಂತ ಹಿಂದಿನ ಪ್ರಸಂಗವಲ್ಲ. ೧೯೬೫ರ ಕಥಾಭಾಗದಲ್ಲಿ ಯೆಜ್ಡಿ ಬಂದರೆ ಅದು ಲೇಖಕನ ಅನವಧಾನವೋ, ಮುಂದಿನ ಮುದ್ರಣದ ತಿದ್ದುಪಡಿಯೋ ಎಂಬುದನ್ನು ಮೊದಲ ಮುದ್ರಣಕ್ಕೆ ಹೋಲಿಸಿ ನೋಡಬೇಕು. ೨೦೧೮ರ ಅನಂತರದ ಗ್ರಂಥಗಳಲ್ಲಿ ಹೆಸರೊಂದರಿಂದಲೇ ನಿರ್ಣಯ ಸಾಧ್ಯವಿಲ್ಲ. ಪೆಟ್ರೋಲಿಗೆ ಎಣ್ಣೆ ಬೆರೆಸಿದ ಪ್ರಸ್ತಾಪವಿದೆಯೇ, ಕಿಕ್ಕೂ ಗೇರೂ ಒಂದೇ ಸನ್ನೆಯಲ್ಲಿವೆಯೇ ಎಂದು ವಾಕ್ಯದ ಒಳಗೇ ಹುಡುಕಬೇಕು. ಕಾರುಗಳ ವಿಷಯದಲ್ಲಿ ಮತ್ತೊಂದು ಆಧಾರವುಂಟು. ೧೯೮೧ರಿಂದ ಅಮೇರಿಕಾದಲ್ಲಿ ಮಾರುವ ಪ್ರತಿಯೊಂದು ಕಾರಿಗೂ ಹದಿನೇಳು ಅಕ್ಷರಾಂಕಗಳ ಒಂದು ಗುರುತು ಕಡ್ಡಾಯವಾಯಿತು. ಅದರ ಮೊದಲನೆಯ ಅಕ್ಷರವು ದೇಶವನ್ನೋ ಪ್ರದೇಶವನ್ನೋ ಸೂಚಿಸುವುದು, ಜರ್ಮನಿಗೆ ‘ಡಬ್ಲ್ಯು’. ಲಿಂಕನ್–ಮರ್ಕ್ಯುರಿ ಅಂಗಡಿಯಲ್ಲಿ ನಿಂತಿದ್ದ ಮೆರ್ಕೂರಿನ ಗುರುತು ಆರಂಭವಾಗುತ್ತಿದ್ದುದು ಆ ಅಕ್ಷರದಿಂದಲೇ.