ಸೋಯಾ ಅವರೆಯೂ ಗರ್ಭಕೋಶದ ಗಡ್ಡೆಯೂ

ಗರ್ಭಕೋಶದಲ್ಲಿ ಗಡ್ಡೆಯಿದೆ ಎಂದು ವೈದ್ಯರು ಹೇಳಿದ ದಿನದಿಂದಲೇ ಮನೆಯಲ್ಲಿ ಸಲಹೆಗಳ ಸುರಿಮಳೆ ಮೊದಲಾಗುತ್ತದೆ. “ಸೋಯಾ ಮುಟ್ಟಲೇಬೇಡಿ, ಗಡ್ಡೆ ಬೆಳೆಯುತ್ತದೆ” ಎನ್ನುತ್ತಾರೆ ಒಬ್ಬರು. “ಸೋಯಾ ಸತ್ವದ ಗುಳಿಗೆ ನುಂಗಿ, ಗಡ್ಡೆ ಕರಗಿಹೋಗುತ್ತದೆ” ಎನ್ನುತ್ತಾರೆ ಇನ್ನೊಬ್ಬರು. ಶಸ್ತ್ರಚಿಕಿತ್ಸೆಗೆ ಅಂಜಿರುವ ಗೃಹಿಣಿಗೆ ಎರಡನೆಯ ಮಾತು ಹಿತವಾಗಿ ಕೇಳಿಸುವುದು ಸಹಜವೇ. ಆದರೆ ಈ ಎರಡು ಮಾತುಗಳಿಗೂ ತಕ್ಕ ಆಧಾರವಿಲ್ಲ. ಏಕೆಂಬುದನ್ನು ಸ್ವಲ್ಪ ವಿಚಾರಿಸೋಣ.

ಫೈಬ್ರಾಯ್ಡ್ ಅಥವಾ ನಾರುಗಡ್ಡೆ ಎಂಬುದು ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಗಂಟು. ಇದು ಕ್ಯಾನ್ಸರ್ ಅಲ್ಲ. ಅನೇಕ ಸ್ತ್ರೀಯರಿಗೆ ಇದು ಇರುವುದೇ ತಿಳಿಯುವುದಿಲ್ಲ. ಅಂಡಾಶಯದಲ್ಲಿ ಉತ್ಪನ್ನವಾಗುವ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು ಇದನ್ನು ಪೋಷಿಸುತ್ತವೆ. ಆದುದರಿಂದಲೇ ಮುಟ್ಟು ನಿಂತ ಮೇಲೆ ಇದು ಸಾಮಾನ್ಯವಾಗಿ ಕುಗ್ಗುತ್ತದೆ.

ನಮ್ಮ ಬೀದರ, ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಬೆಳೆಯುವ ಸೋಯಾ ಅವರೆಯಲ್ಲಿ ಐಸೊಫ್ಲೇವೋನ್ ಎಂಬ ದ್ರವ್ಯಗಳಿವೆ. ಇವುಗಳ ರಚನೆ ಈಸ್ಟ್ರೋಜನ್ನನ್ನು ಹೋಲುತ್ತದೆ. ಈಸ್ಟ್ರೋಜನ್ ಒಂದು ಬೀಗದ ಕೈ ಎಂದುಕೊಂಡರೆ, ಐಸೊಫ್ಲೇವೋನ್ ಅದೇ ಬೀಗದೊಳಕ್ಕೆ ಹೋಗುವ, ಆದರೆ ಸರಿಯಾಗಿ ತಿರುಗದ ಇನ್ನೊಂದು ಕೈ. ಅದರ ಶಕ್ತಿ ಬಹಳ ಕಡಿಮೆ.

ಹಾಗಾದರೆ ಭಯ ಎಲ್ಲಿಂದ ಬಂದಿತು? 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯದಲ್ಲಿ ಕ್ಲೋವರ್ ಎಂಬ ಮೇವನ್ನು ಮೇಯ್ದ ಕುರಿಗಳು ಗಬ್ಬವಾಗದೆ ಹೋದವು. 1946ರಲ್ಲಿ ಅಲ್ಲಿಯ ಪಶುವೈದ್ಯರು ಇದನ್ನು ವರದಿ ಮಾಡಿದರು. ಐಸೊಫ್ಲೇವೋನ್ ಬಳಗದ ದ್ರವ್ಯವೇ ಕಾರಣವೆಂದು ಮುಂದೆ ತಿಳಿಯಿತು. ಆದರೆ ಆ ಕುರಿಗಳಿಗೆ ಹೊತ್ತುಹೊತ್ತಿಗೂ ಅದೇ ಮೇವು. ವಾರಕ್ಕೆ ಎರಡು ಸಲ ಪಲ್ಯಕ್ಕೋ ಸಾಗುವಿಗೋ ಸೋಯಾ ಹಾಕುವ ಮನೆಗೆ ಆ ಲೆಕ್ಕ ಹೊಂದುವುದಿಲ್ಲ. ಸೋಯಾ ನಿತ್ಯದ ಆಹಾರವಾಗಿರುವ ಜಪಾನಿನ ಸ್ತ್ರೀಯರನ್ನು ಪರೀಕ್ಷಿಸಿದಾಗಲೂ, ಊಟದ ಸೋಯಾದಿಂದ ನಾರುಗಡ್ಡೆ ಹೆಚ್ಚುವುದೆಂದು ಸಿದ್ಧಪಡಲಿಲ್ಲ. ಗಡ್ಡೆ ಕರಗುವುದೆಂಬುದಕ್ಕೂ ಪ್ರಮಾಣ ದೊರೆತಿಲ್ಲ.

ಇಲ್ಲಿ ಊಟ ಬೇರೆ, ಗುಳಿಗೆ ಬೇರೆ ಎಂಬುದನ್ನು ಮರೆಯಬಾರದು. ಒಂದು ಲೋಟ ಸೋಯಾ ಹಾಲಿನಲ್ಲಿ ಸುಮಾರು 25 ಮಿಲಿಗ್ರಾಂ ಐಸೊಫ್ಲೇವೋನ್ ಇರಬಹುದು. ಸೋಯಾ ಎಣ್ಣೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಇಟಲಿಯಲ್ಲಿ ಮುಟ್ಟು ನಿಂತ ಸ್ತ್ರೀಯರಿಗೆ ದಿನಕ್ಕೆ 150 ಮಿಲಿಗ್ರಾಂ ಗುಳಿಗೆಯನ್ನು 5 ವರ್ಷ ಕೊಟ್ಟು ನೋಡಿದರು. ಅವರಲ್ಲಿ ಕೆಲವರ ಗರ್ಭಕೋಶದ ಒಳಪದರ ಅತಿಯಾಗಿ ಬೆಳೆದಿತ್ತು. ಹುಸಿಗುಳಿಗೆ ತೆಗೆದುಕೊಂಡವರಲ್ಲಿ ಒಬ್ಬರಿಗೂ ಹಾಗಾಗಲಿಲ್ಲ. ಇದು ಪ್ರಕಟವಾದುದು 2004ರಲ್ಲಿ. ಅದು ಕ್ಯಾನ್ಸರ್ ಅಲ್ಲ. ಆದರೂ ವರ್ಷಗಟ್ಟಲೆ ತಾವಾಗಿಯೇ ನುಂಗುವ ವಸ್ತು ಇದಲ್ಲವೆಂಬುದಕ್ಕೆ ಇಷ್ಟೇ ಸಾಕು. “ಸಸ್ಯಜನ್ಯ” ಎಂದ ಮಾತ್ರಕ್ಕೆ ನಿರಪಾಯವೆಂದಲ್ಲ. ಗಡ್ಡೆಗೆಂದು ಮಾರಾಟವಾಗುವ ಹಸಿರು ಚಹದ ಸತ್ವವೂ ಪ್ರಮಾಣ ಮೀರಿದರೆ ಯಕೃತ್ತಿಗೆ ತೊಂದರೆ ಮಾಡೀತು.

ನಿಜವಾದ ಅಪಾಯವಿರುವುದು ಕಾಲವಿಳಂಬದಲ್ಲಿ. ಗುಳಿಗೆಯನ್ನು ನಂಬಿ ಆರು ತಿಂಗಳು ಕಾಯುವಾಗ ರಕ್ತ ಹೋಗುತ್ತಲೇ ಇರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 47.8 ಮಂದಿ ರಕ್ತಹೀನರು. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನವೇ ಸುಸ್ತು, ಇವನ್ನು “ವಯಸ್ಸಾಯಿತು” ಎಂದು ತಳ್ಳಿಹಾಕುವ ತಾಯಂದಿರು ಎಷ್ಟು ಮಂದಿ! ಮುಟ್ಟು 7 ದಿನ ಮೀರಿದರೆ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾದರೆ, ರಕ್ತ ದೊಡ್ಡ ಹೆಪ್ಪುಗಳಾಗಿ ಹೋದರೆ ವೈದ್ಯರನ್ನು ಕಾಣಿರಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿರಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ತಡಮಾಡಬಾರದು.

ವೈದ್ಯರು ಕಬ್ಬಿಣದ ಗುಳಿಗೆ ಕೊಟ್ಟರೆ ಅದನ್ನು ಕಾಫಿ ಚಹದೊಡನೆ ನುಂಗಬೇಡಿ. ಅವು ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ಊಟದ ಸೊಪ್ಪು, ಕಾಳುಗಳ ಕಬ್ಬಿಣ ಮೈಗೂಡಲು ಒಂದು ಹೋಳು ನಿಂಬೆ, ಒಂದು ನೆಲ್ಲಿಕಾಯಿ ನೆರವಾಗುತ್ತದೆ. ಥೈರಾಯ್ಡ್ ಗುಳಿಗೆ ನುಂಗುವವರು ಅದನ್ನು ಬರಿ ಹೊಟ್ಟೆಯಲ್ಲಿ ತೆಗೆದುಕೊಂಡು, ಸೋಯಾ ಪದಾರ್ಥವನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಬೇಕು. ಕಬ್ಬಿಣದ ಗುಳಿಗೆಗೂ ಅದಕ್ಕೂ 4 ಗಂಟೆಗಳ ಅಂತರವಿರಲಿ. ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು ಸೋಯಾ ಸತ್ವದ ಗುಳಿಗೆಯನ್ನು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ವೈದ್ಯರ ಬಳಿಗೆ ಹೋದರೆ ಗರ್ಭಕೋಶವನ್ನೇ ತೆಗೆದುಬಿಡುತ್ತಾರೆಂಬ ಅಂಜಿಕೆ ಬೇಡ. ರಕ್ತಸ್ರಾವ ತಗ್ಗಿಸುವ ಔಷಧಗಳಿವೆ. ಗರ್ಭಕೋಶದೊಳಗೆ ಇರಿಸುವ ಹಾರ್ಮೋನು ಸಾಧನವಿದೆ. ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆಯೂ ಇದೆ. ತೊಂದರೆ ಕೊಡದ ಗಡ್ಡೆಗೆ ಅನೇಕ ವೇಳೆ ಏನನ್ನೂ ಮಾಡಬೇಕಾಗಿಲ್ಲ. “ನನಗೆ ಇವುಗಳಲ್ಲಿ ಯಾವುದು ತಕ್ಕದ್ದು?” ಎಂದು ಧೈರ್ಯವಾಗಿ ಕೇಳಿರಿ. ಮನೆಯಲ್ಲಿ ನುಂಗುತ್ತಿರುವ ಪುಡಿ, ಗುಳಿಗೆ, ಕಷಾಯಗಳ ಡಬ್ಬಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿರಿ.

ಸೋಯಾ ಒಳ್ಳೆಯ ಸಸಾರಜನಕವುಳ್ಳ ಕಾಳು. ತೊಗರಿ, ಹೆಸರು, ಅವರೆಗಳ ಜೊತೆಗೆ ಅದಕ್ಕೂ ಅಡಿಗೆಮನೆಯಲ್ಲಿ ಸ್ಥಳವಿರಲಿ. ಆದರೆ ವೈದ್ಯರ ಕೆಲಸವನ್ನು ಅದಕ್ಕೆ ಒಪ್ಪಿಸುವುದು ಬೇಡ.