ಗೆರೆ ಎಳೆಯುವ ಕೈಗೊಂದು ಹಿಡಿಕೆ

ಹೋದ ವರ್ಷ ಬೇಸಿಗೆಯಲ್ಲಿ ಅಜ್ಜ ಗರಗಸ ಗೋಡೆಗೆ ನೇತುಹಾಕಿದ. ಅಣ್ಣಿಗೇರಿ ತಾಲ್ಲೂಕಿನ ನಮ್ಮೂರಿನಲ್ಲಿ ಐವತ್ತು ವರ್ಷ ಕೂರಿಗೆ, ಕುಂಟೆ, ಚಕ್ಕಡಿ ಮಾಡಿದ ಬಡಿಗ ಅವನು. ಕಣ್ಣಿನ ಪೊರೆ ತೆಗೆಸಿದ ಮೇಲೂ ಸಣ್ಣ ಗೆರೆ ಕಾಣುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ನಾನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟಿದ್ದೆ. ಅವನು ಅರ್ಧ ಇಂಚು ತಪ್ಪಿ ಕೊಯ್ದ. ಸಾಗವಾನಿ ತುಂಡು ಹಾಳಾಯಿತು. ‘ಇನ್ನ ಸಾಕು ತಮ್ಮಾ’ ಎಂದಷ್ಟೇ ಹೇಳಿ ಎದ್ದುಹೋದ.

ನಾನು ವಾರವೆಲ್ಲ ಹುಬ್ಬಳ್ಳಿಯ ಫರ್ನಿಚರ್ ಅಂಗಡಿಯೊಂದರಲ್ಲಿ ದುಡಿಯುತ್ತೇನೆ. ಅಲ್ಲಿ ಪ್ಲೈವುಡ್ಡು, ಮಷೀನು. ಅಳತೆಯನ್ನು ಮಷೀನಿಗೆ ಹೇಳಿದರಾಯಿತು. ಅಜ್ಜನ ಕೆಲಸ ಹಾಗಲ್ಲ. ಕೂರಿಗೆಯ ದಿಂಡಿನಲ್ಲಿ ತಾಳುಗಳನ್ನು ಕೂರಿಸುವ ತೂತುಗಳ ಅಂತರ ಒಂದೇ ಸಮ ಇರಬೇಕು. ಇಲ್ಲದಿದ್ದರೆ ಜೋಳದ ಸಾಲುಗಳು ಒಂದು ಹತ್ತಿರ, ಒಂದು ದೂರ ಬೀಳುತ್ತವೆ. ಮುಂದೆ ಎಡೆಕುಂಟೆ ಹೊಡೆಯುವಾಗ ಕಳೆಯ ಜೊತೆ ಪೈರೂ ಕಿತ್ತು ಬರುತ್ತದೆ. ಬಡಿಗನ ಒಂದು ತಪ್ಪು ಗೆರೆ ಹಂಗಾಮು ಮುಗಿಯುವವರೆಗೂ ಹೊಲದಲ್ಲಿ ಎಲ್ಲರಿಗೂ ಕಾಣುತ್ತದೆ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ ಕೇಳುವವನಿಗೆ ಅದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ.

ಅದೇ ವಾರ ಅಜ್ಜನ ಸಾಮಾನಿನ ಪೆಟ್ಟಿಗೆ ಒರೆಸುವಾಗ ಬಟ್ಟೆ ಸುತ್ತಿದ ಒಂದು ಚೂಪು ಉಕ್ಕಿನ ತುಂಡು ಸಿಕ್ಕಿತು. ‘ಇದೇನಜ್ಜಾ?’ ಎಂದೆ. ‘ಗೆರಿ ಕೊರಿಯೂದದು. ಪೆನ್ಸಿಲ್ ಗೆರಿ ಕಣ್ಣಿಗಷ್ಟ ಕಾಣತೈತಿ, ಉಳಿಗೆ ಕಾಣಂಗಿಲ್ಲ’ ಎಂದ.

ಆ ಮಾತಿನ ಅರ್ಥ ಕೆಲಸ ಮಾಡಿ ನೋಡಿದಾಗ ತಿಳಿಯಿತು. ಪೆನ್ಸಿಲ್ ಗೆರೆಗೆ ದಪ್ಪ ಇದೆ. ಅದರ ಒಳಗೆ ಕೊಯ್ಯಬೇಕೋ, ಹೊರಗೋ, ನಡುವೆಯೋ ಎಂಬುದೇ ಗೊಂದಲ. ಚಾಕುವಿನ ಗೆರೆ ಮರದ ನಾರನ್ನೇ ಕತ್ತರಿಸುತ್ತದೆ. ಉಳಿಯ ಬಾಯಿ ತಾನಾಗಿ ಆ ಸೀಳಿನಲ್ಲಿ ಕೂರುತ್ತದೆ, ಅಂಚು ಸಿಬಿರು ಏಳುವುದಿಲ್ಲ. ಇದಕ್ಕೆ ಒಂದೇ ಮಗ್ಗುಲಲ್ಲಿ ಮಸೆದ ಚಾಕು ಬೇಕು. ಚಪ್ಪಟೆ ಮಗ್ಗುಲು ಮೂಲೆಮಟ್ಟಕ್ಕೆ ಒತ್ತಿಕೊಂಡಿರಬೇಕು, ಮಸೆದ ಮಗ್ಗುಲು ತೆಗೆದುಹಾಕುವ ಮರದ ಕಡೆಗಿರಬೇಕು. ಜಪಾನಿನ ಬಡಗಿಗಳ ‘ಕಿರಿದಾಶಿ’ ಚಾಕುವೂ ಹೀಗೆ ಒಂದೇ ಮಗ್ಗುಲು ಮಸೆದದ್ದು.

ಅಜ್ಜನಿಗೆ ಅಂಥದ್ದೊಂದು ಹೊಸದಾಗಿ, ಒಳ್ಳೆಯ ಹಿಡಿಕೆಯೊಂದಿಗೆ ಮಾಡಿಕೊಡಬೇಕು ಅನ್ನಿಸಿತು. ಮೊಬೈಲಿನಲ್ಲಿ ನೋಡಿದರೆ ಹೊರದೇಶದವರು ಇಂಥ ಹಿಡಿಕೆಗಳನ್ನು ‘ಎಕ್ಸಾಟಿಕ್’ ಮರದಲ್ಲಿ ಕಡೆಯುತ್ತಾರೆ. ಎಬೊನಿ, ಕೊಕೊಬೊಲೊ ಮುಂತಾದ ಹೆಸರುಗಳ ನಡುವೆ ‘ಈಸ್ಟ್ ಇಂಡಿಯನ್ ರೋಸ್‌ವುಡ್’ ಎಂದೂ ಇತ್ತು. ಹುಡುಕಿದರೆ ಅದು ನಮ್ಮ ಬೀಟೆ! ಅವರಿಗೆ ದೂರದೇಶದ ಮರ, ನಮಗೆ ಪಕ್ಕದ ಉತ್ತರ ಕನ್ನಡದ ಕಾಡಿನದು. ಹಾಗೆಂದು ಸುಲಭಕ್ಕೆ ಸಿಗುವುದಲ್ಲ. ಸ್ವಂತ ಜಮೀನಿನಲ್ಲಿದ್ದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಬೀಟೆ ಕಡಿಯುವಂತಿಲ್ಲ. 2017ರಿಂದ ಆ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರವೂ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ.

ನನಗೆ ಬೇಕಿದ್ದದ್ದು ಗೇಣುದ್ದದ ತುಂಡು ಮಾತ್ರ. ಅದು ಮನೆಯ ಅಟ್ಟದ ಮೇಲಿತ್ತು. ಅಜ್ಜಿ ಕಲಘಟಗಿ ಕಡೆಯವಳು. ಅರಗಿನ ಬಣ್ಣದ ತೊಟ್ಟಿಲಿಗೆ ಹೆಸರಾದ ಊರು ಅದು. ಅವಳ ತವರಿನಿಂದ ಬಂದ ಬೀಟೆ ಮಂಚದ ಒಂದು ಕಾಲು ಮುರಿದು ಅಟ್ಟ ಸೇರಿತ್ತು. ಅಷ್ಟು ವರ್ಷ ಒಣಗಿದ ಮರ ದುಡ್ಡು ಕೊಟ್ಟರೂ ಸಿಗದು.

ಅಂಗಡಿಯಲ್ಲಿ ಮಂಚದ ಕಾಲು ಕಡೆಯುವ ಲೇತ್ ಇದೆ. ಕೆಲಸ ಮುಗಿದ ಮೇಲೆ ಮಾಲೀಕರನ್ನು ಕೇಳಿ ತುಂಡನ್ನು ಅದಕ್ಕೆ ಸಿಕ್ಕಿಸಿದೆ. ಮೊದಲು ನಿಧಾನಕ್ಕೆ ತಿರುಗಿಸಿ ಮೂಲೆಗಳನ್ನು ತೆಗೆಯಬೇಕು, ದುಂಡಗಾದ ಮೇಲೆ ವೇಗ ಹೆಚ್ಚಿಸಬೇಕು. ಬೀಟೆಯ ಧೂಳು ಮೂಗು, ಚರ್ಮಕ್ಕೆ ಆಗದು, ಮಾಸ್ಕ್ ಬೇಕೇಬೇಕು. ಅಣ್ಣಿಗೇರಿಯ ಅಮೃತೇಶ್ವರ ಗುಡಿ ನೋಡಿದವರಿಗೆ ಕಡೆದ ಕಂಬದ ಚೆಲುವು ಗೊತ್ತು. ಸುಮಾರು 1050ರಲ್ಲಿ ಬಳಪದ ಕಲ್ಲಿನಲ್ಲಿ ಕಟ್ಟಿದ ಗುಡಿ ಅದು. ಕಂಬದ ಉಂಗುರಗಳು ಲೇತಿನಿಂದ ಈಗಷ್ಟೇ ಇಳಿಸಿದಂತಿವೆ. ನಾನೂ ಹಿಡಿಕೆಗೆ ಅಂಥದ್ದೇ ಎರಡು ಉಂಗುರ ಕೊರೆದೆ. ನಾಲ್ಕೂವರೆ ಇಂಚು ಉದ್ದ, ನಡುವೆ ತುಸು ಉಬ್ಬು, ಬಾಯಿಗೆ ಸೀಳದಂತೆ ಹಿತ್ತಾಳೆ ಬಳೆ.

ಅಲಗಿಗೆ ಸವೆದ ಅರವೊಂದನ್ನು ಊರ ಕಮ್ಮಾರರ ಕುಲುಮೆಗೆ ಒಯ್ದೆ. ಕಾಯಿಸಿ ಬೂದಿಯಲ್ಲಿ ನಿಧಾನ ಆರಿಸಿದರೆ ಉಕ್ಕು ಮೆತ್ತಗಾಗುತ್ತದೆ, ಬೇಕಾದ ಆಕಾರಕ್ಕೆ ಉಜ್ಜಬಹುದು. ಆಮೇಲೆ ಆಯಸ್ಕಾಂತಕ್ಕೆ ಅಂಟದಷ್ಟು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಟ್ಟಿಯಾಗುತ್ತದೆ. ಆದರೆ ಗಾಜಿನ ಹಾಗೆ ಪೆಡಸು. ಇನ್ನೊಮ್ಮೆ ಹದವಾಗಿ, ಒಣಹುಲ್ಲಿನ ಬಣ್ಣ ಬರುವವರೆಗೆ ಕಾಯಿಸಬೇಕು. ನಾನು ಅವಸರಕ್ಕೆ ಆ ಕೊನೆಯ ಹಂತ ಬಿಟ್ಟೆ.

ಭಾನುವಾರ ಅಜ್ಜನ ಮುಂದೆ ಹಲಗೆಯ ಮೇಲಿಟ್ಟೆ. ಥಳಥಳ ಹೊಳೆಯುತ್ತಿದ್ದ ಹಿಡಿಕೆ ಉರುಳಿತು, ಕೆಳಗೆ ಬಿತ್ತು, ತುದಿ ಮುರಿಯಿತು. ಅಜ್ಜ ತಿಂಗಳುಗಳ ಮೇಲೆ ನಕ್ಕದ್ದು ಅವತ್ತೇ. ‘ದುಂಡಗ ಮಾಡಿದ್ರ ಉರುಳದ ಏನ್ ಮಾಡತೈತೋ ತಮ್ಮಾ? ಒಂದು ಮಗ್ಗುಲಾ ಚಪ್ಪಟಿ ಮಾಡು. ನೋಡದನ ಅಲಗು ಯಾ ಕಡೆ ಐತಿ ಅಂತ ಕೈಗೆ ತಿಳೀಬೇಕು.’

ಅವನು ಹೇಳಿದಂತೆ ಹಿಡಿಕೆಯ ಒಂದು ಮಗ್ಗುಲು ಚಪ್ಪಟೆ ಮಾಡಿದೆ. ಅಲಗನ್ನು ಈ ಸಲ ಹದಕ್ಕೆ ತಂದೆ. ಅಂಗಡಿ ಪಾಲಿಶ್ ಕೆರೆದು ಅಗಸಿ ಎಣ್ಣೆ ಹಚ್ಚಿದೆ. ಚಟ್ನಿ ಮಾಡುವ ಅದೇ ಅಗಸಿ. ಅದರ ಎಣ್ಣೆ ಮರದೊಳಗೆ ಇಳಿದು ಗಟ್ಟಿಯಾಗುತ್ತದೆ, ಬೆವರಿಗೆ ಜಾರುವುದು ಕಡಿಮೆ. ಒಣಗಲು ಮಾತ್ರ ದಿನಗಟ್ಟಲೆ ಬೇಕು. ಬೀಟೆಯ ಕಪ್ಪು ಗೆರೆಗಳು ಒಂದೊಂದಾಗಿ ಎದ್ದು ಬಂದವು.

ಎರಡನೆಯ ಸಲ ಅಜ್ಜ ಏನೂ ಅನ್ನಲಿಲ್ಲ. ಬೇವಿನ ಹಲಗೆಯ ಮೇಲೆ ಮೂಲೆಮಟ್ಟ ಇಟ್ಟ. ಹಿಡಿಕೆಯ ಚಪ್ಪಟೆ ಭಾಗಕ್ಕೆ ಹೆಬ್ಬೆರಳು ಹಚ್ಚಿ ಮೊದಲು ಹಗುರಕ್ಕೆ, ಆಮೇಲೆ ಒತ್ತಿ ಗೆರೆ ಎಳೆದ. ನನಗೇ ಬಗ್ಗಿ ನೋಡಿದರೆ ಕಾಣುವಷ್ಟು ಸಣ್ಣ ಗೆರೆ. ಅಜ್ಜ ನೋಡಲೇ ಇಲ್ಲ. ಕಣ್ಣು ಮುಚ್ಚಿ ಉಗುರಿನ ತುದಿಯನ್ನು ಹಲಗೆಯ ಮೇಲೆ ಜಾರಿಸಿದ. ಉಗುರು ಸೀಳಿನಲ್ಲಿ ಸಿಕ್ಕಿ ನಿಂತಿತು. ಅಲ್ಲಿ ಉಳಿ ಇಟ್ಟು ಕೊಡತಿಯಿಂದ ಒಂದೇಟು ಹಾಕಿದ. ಅಂಚು ನೇರವಾಗಿತ್ತು.

ಗೆಳೆಯರು ‘ಸಾವಿರ ರೂಪಾಯಿಗೆ ಮಾರೋ’ ಎನ್ನುತ್ತಾರೆ. ಮುಂದೆ ಮಾರಿದರೂ ಮಾರಬಹುದು. ಬೀಟೆಯದ್ದಲ್ಲ, ಅಟ್ಟದಲ್ಲಿ ಇನ್ನೊಂದು ಕಾಲಿಲ್ಲ. ಎರೆ ಹೊಲದ ಬದುವಿನಲ್ಲಿ ಒಣಗಿ ನಿಂತ ಜಾಲಿ ಇದೆ, ಹುಣಸೆ ಇದೆ. ಚಕ್ಕಡಿಯ ಗಾಲಿ ಹೊತ್ತ ಜಾಲಿಗೆ ಒಂದು ಹಿಡಿಕೆ ಹೊರುವುದು ಭಾರವಲ್ಲ.

ಈಗ ಭಾನುವಾರ ಊರಿಗೆ ಹೋದಾಗ ಗೆರೆ ಅಜ್ಜನದು, ಗರಗಸ ನನ್ನದು. ಹೋದ ವಾರ ಅವನು ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುತ್ತ, ‘ಚಂದೇನೋ ಐತಿ. ಆದರ ಇನ್ನೊಂದು ಜಾಲಿದ ಮಾಡು. ಇದರಕಿಂತಾ ತುಸು ದಪ್ಪ ಇರಲಿ’ ಎಂದ. ಕೆಲಸ ಸಾಕು ಎಂದವನ ಬಾಯಿಂದ ಬಂದ ಮಾತು ಅದು.