ಕಣ್ಣಿಗೇ ಸೂಜಿಯೆ? ಅಜ್ಜಿಯ ಭಯಕ್ಕೊಂದು ಉತ್ತರ

ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಿರಲಿ, ಇಂದಿರಾನಗರದ ಖಾಸಗಿ ನೇತ್ರ ಚಿಕಿತ್ಸಾಲಯವಿರಲಿ, ಪೊರೆ ತೆಗೆಸಲು ಬಂದ ಹಿರಿಯರ ಮನಸ್ಸಿನಲ್ಲಿರುವ ಮೊದಲ ಪ್ರಶ್ನೆ ಒಂದೇ: ‘ಕಣ್ಣಿಗೆ ಸೂಜಿ ಚುಚ್ಚುತ್ತಾರಾ?’ ಹೌದೆಂದು ಯಾರಾದರೂ ಹೇಳಿದರೆ ಸಾಕು, ‘ಹಬ್ಬ ಕಳೆಯಲಿ, ಮೊಮ್ಮಗನ ಪರೀಕ್ಷೆ ಮುಗಿಯಲಿ’ ಎಂದು ದಿನ ಮುಂದೂಡುತ್ತಾರೆ. ಪೊರೆ ಬಲಿತ ಮೇಲೇ ತೆಗೆಸಬೇಕೆಂಬ ಹಳೆಯ ಮಾತೂ ನೆಪಕ್ಕೆ ಸಿಗುತ್ತದೆ. ಆದರೆ ಹೀಗೆ ತಳ್ಳುತ್ತಾ ಹೋದಂತೆ ಸೂಜಿ ಬೇಕಾಗುವ ಸಂಭವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಪೊರೆ ತೆಗೆಯಲು ಪೂರ್ತಿ ಪ್ರಜ್ಞೆ ತಪ್ಪಿಸುವುದು ಅಪರೂಪ. ಮಕ್ಕಳಿಗೆ, ಅಲುಗಾಡದೆ ಮಲಗಲಾರದವರಿಗೆ ಮಾತ್ರ ಅದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವ ವಯಸ್ಸಾದವರಿಗೆ ಕಣ್ಣಷ್ಟನ್ನೇ ಮರಗಟ್ಟಿಸುವುದು ಹೆಚ್ಚು ಕ್ಷೇಮ.

ಇದಕ್ಕೆ ದಾರಿ ತೋರಿದವನು ವಿಯೆನ್ನಾದ ಕಾರ್ಲ್ ಕೊಲ್ಲರ್ ಎಂಬ 26ರ ತರುಣ ವೈದ್ಯ. ಅವನ ಸ್ನೇಹಿತ ಸಿಗ್ಮಂಡ್ ಫ್ರಾಯ್ಡ್ ಕೊಕೇನ್ ಬಗ್ಗೆ ಅಧ್ಯಯನ ನಡೆಸಿದ್ದ. ಅದು ನಾಲಿಗೆಯನ್ನು ಜೋಮು ಹಿಡಿಸುತ್ತದೆಂಬುದು ಗೊತ್ತಿದ್ದ ಸಂಗತಿಯೇ. ಹಾಗಾದರೆ ಕಣ್ಣನ್ನೇಕೆ ಹಿಡಿಸಬಾರದು ಎಂದು ಕೊಲ್ಲರ್ ಯೋಚಿಸಿದ. ಮೊದಲು ಕಪ್ಪೆಯ ಕಣ್ಣು, ಆಮೇಲೆ ತನ್ನದೇ ಕಣ್ಣು. ದ್ರಾವಣ ಹಾಕಿಕೊಂಡು ಗುಂಡುಸೂಜಿಯ ತಲೆಯಿಂದ ಮುಟ್ಟಿ ನೋಡಿಕೊಂಡ. ನೋವಿಲ್ಲ! 1884ರ ಸೆಪ್ಟೆಂಬರಿನಲ್ಲಿ ಹೈಡೆಲ್‌ಬರ್ಗಿನ ನೇತ್ರವೈದ್ಯರ ಸಭೆಗೆ ಹೋಗಲು ಅವನ ಬಳಿ ಹಣವಿರಲಿಲ್ಲ. ಪ್ರಬಂಧವನ್ನು ಬೇರೊಬ್ಬ ವೈದ್ಯರು ಓದಿದರು. ಬೌರಿಂಗ್ ಆಸ್ಪತ್ರೆ ಆಗಲೇ ದಂಡುಪ್ರದೇಶದಲ್ಲಿತ್ತು.

ಈಗ ಕಣ್ಣಿಗೆ ಕೊಕೇನ್ ಬದಲು ಲಿಗ್ನೊಕೇನ್‌ನಂಥ ಔಷಧಗಳು ಬಂದಿವೆ. ನರದೊಳಕ್ಕೆ ಸೋಡಿಯಂ ಕಣಗಳು ನುಗ್ಗುವ ಬಾಗಿಲನ್ನು ಇವು ಮುಚ್ಚುತ್ತವೆ. ಸೋಡಿಯಂ ನುಗ್ಗದಿದ್ದರೆ ನೋವಿನ ಸಂದೇಶ ಮುಂದೆ ಸಾಗದು. ನಮ್ಮ ನಾಡಿನ ಡಾ. ಎಂ.ಸಿ. ಮೋದಿ ಅವರು ಹಳ್ಳಿ ಹಳ್ಳಿಗಳಲ್ಲಿ ಶಿಬಿರ ಹೂಡಿ, ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿ ಗಿನ್ನೆಸ್ ಪುಸ್ತಕ ಸೇರಿದರು. ಒಬ್ಬೊಬ್ಬರನ್ನೂ ಪ್ರಜ್ಞೆ ತಪ್ಪಿಸಿ ಎಬ್ಬಿಸುವಂತಿದ್ದರೆ ಇದು ಊಹೆಗೂ ನಿಲುಕದ ಮಾತು.

ಇನ್ನು ಸೂಜಿಯ ವಿಷಯ. ಅದು ಕಣ್ಣುಗುಡ್ಡೆಯನ್ನು ಚುಚ್ಚುವುದಿಲ್ಲ. ಕೆಳರೆಪ್ಪೆಯ ಹೊರ ಅಂಚಿನ ಬಳಿ ಒಳಹೋಗಿ, ಗುಡ್ಡೆಗೂ ಅದರ ಸುತ್ತಲಿನ ಎಲುಬಿಗೂ ನಡುವೆ ಔಷಧ ಬಿಡುತ್ತದೆ. ಹಿಂದೆ ಗುಡ್ಡೆಯ ಬೆನ್ನಿಗೇ, ಸ್ನಾಯುಗಳ ನಡುವೆ ಬಿಡುತ್ತಿದ್ದರು. ‘ಮೇಲಕ್ಕೆ, ಮೂಗಿನ ಕಡೆ ನೋಡಿ’ ಎಂದು ರೋಗಿಗೆ ಹೇಳುವುದು 1936ರಲ್ಲಿ ಅಟ್ಕಿನ್ಸನ್ ವಿವರಿಸಿದ ಪದ್ಧತಿ. ಹಾಗೆ ನೋಡಿದಾಗ ದೃಷ್ಟಿನರವೇ ಸೂಜಿಯ ದಾರಿಗೆ ಬರುತ್ತದೆಂದು 1980ರ ದಶಕದ ಸ್ಕ್ಯಾನ್ ಚಿತ್ರಗಳು ತೋರಿಸಿದವು. ಅರ್ಧ ಶತಮಾನದ ಪಾಠ ತಲೆಕೆಳಗಾಯಿತು. ಈಗ ‘ನೇರ ನೋಡಿ’ ಎನ್ನುತ್ತಾರೆ. 1986ರಲ್ಲಿ ಪ್ರಕಟವಾದ ‘ಪೆರಿಬಲ್ಬಾರ್’ ವಿಧಾನದಲ್ಲಿ ಸೂಜಿ ಸ್ನಾಯುಗಳ ಹೊರಗೇ ನಿಲ್ಲುತ್ತದೆ.

ಅಪಾಯ ಇಲ್ಲವೇ ಇಲ್ಲ ಎನ್ನುವುದು ಸುಳ್ಳಾದೀತು. ಅಪರೂಪಕ್ಕೆ ರಕ್ತಸ್ರಾವವಾಗಬಹುದು, ಗುಡ್ಡೆಗೆ ಸೂಜಿ ತಾಗಬಹುದು. ಸಾಮಾನ್ಯ ಕಣ್ಣಿನ ಉದ್ದ ಸುಮಾರು 24 ಮಿಲಿಮೀಟರ್. ಹೆಚ್ಚು ಮೈನಸ್ ಕನ್ನಡಕದವರ ಕಣ್ಣು 26 ದಾಟಿರುವುದುಂಟು, ಅಂಥವರಲ್ಲಿ ಈ ಭಯ ಹೆಚ್ಚು. ಲೆನ್ಸಿನ ಪವರ್ ಲೆಕ್ಕಕ್ಕೆ ಅಳೆಯುವ ಆ ಉದ್ದವೇ ಅರಿವಳಿಕೆ ಕೊಡುವವರಿಗೂ ಎಚ್ಚರಿಕೆಯ ಗಂಟೆ. ಇಂಥವರಿಗೆ ಸೂಜಿಯ ಬದಲು, ಕಣ್ಣಿನ ಬಿಳಿಭಾಗದ ಮೇಲಿನ ತೆಳು ಹೊದಿಕೆಯನ್ನು ತುಸುವೇ ಕತ್ತರಿಸಿ ಮೊಂಡು ತುದಿಯ ಕೊಳವೆಯಿಂದ ಔಷಧ ಹರಿಸುವ ‘ಸಬ್-ಟೆನನ್’ ವಿಧಾನವಿದೆ.

ಬರೀ ಹನಿ ಹಾಕಿ ಮಾಡುವುದು ಎಲ್ಲಕ್ಕಿಂತ ಹಗುರ. ಆದರೆ ಹನಿ ಕಣ್ಣಿನ ಮೇಲ್ಮೈಯನ್ನಷ್ಟೇ ಮರಗಟ್ಟಿಸುತ್ತದೆ. ಗುಡ್ಡೆ ಹೊರಳುತ್ತಲೇ ಇರುತ್ತದೆ. ದೀಪ ನೋಡಿ ಎಂದಾಗ ದೀಪವನ್ನೇ ನೋಡುತ್ತಿರಬೇಕು. ಕನ್ನಡ, ತಮಿಳು, ಉರ್ದು, ತೆಲುಗು ಒಂದೇ ಬೀದಿಯಲ್ಲಿ ಕೇಳುವ ಶಿವಾಜಿನಗರ, ಹಲಸೂರುಗಳಲ್ಲಿ ಇದು ಸಣ್ಣ ಮಾತಲ್ಲ. ರೋಗಿಯ ಭಾಷೆಯ ನಾಲ್ಕು ಪದ ವೈದ್ಯರಿಗೆ ಬಾರದಿದ್ದರೆ, ಅಥವಾ ಅಜ್ಜನಿಗೆ ಕಿವಿ ಮಂದವಾಗಿದ್ದರೆ, ಹನಿಗಿಂತ ಇಂಜೆಕ್ಷನ್ನೇ ವಾಸಿ.

ಪೊರೆ ಎಳೆಯದಿದ್ದಾಗ ಕೆಲಸ ಬೇಗ ಮುಗಿಯುತ್ತದೆ, ಹನಿ ಸಾಕಾಗುವ ಸಾಧ್ಯತೆ ಹೆಚ್ಚು. ಬಲಿತು ಕಲ್ಲಿನಂತಾದ ಪೊರೆಗೆ ಹೊತ್ತು ಹಿಡಿಯುತ್ತದೆ, ದೊಡ್ಡ ಗಾಯ ಬೇಕಾದೀತು. ಕಣ್ಣು ಅಲುಗದಂತೆ ಇಂಜೆಕ್ಷನ್ ಕೊಡುವುದೇ ಆಗ ಸಾಮಾನ್ಯ. ಕೆ.ಆರ್. ಪುರದಾಚೆಯ ಹಳ್ಳಿಯಿಂದ ಎರಡೂ ಕಣ್ಣು ಮಂಜಾದ ಮೇಲೆ ಬರುವ ಅಜ್ಜಿಗೆ ಆಯ್ಕೆ ಉಳಿದಿರುವುದು ಕಡಿಮೆ.

ಜತೆಗೆ ಹೋಗುವ ಮಕ್ಕಳು, ಮೊಮ್ಮಕ್ಕಳು ವೈದ್ಯರಿಗೆ ಹೇಳಲೇಬೇಕಾದ ಸಂಗತಿಗಳಿವೆ: ರಕ್ತ ತೆಳುವಾಗಿಸುವ ಮಾತ್ರೆ (ಅದನ್ನು ತಾವೇ ನಿಲ್ಲಿಸಬಾರದು), ಹಿಂದೆ ಯಾವುದಾದರೂ ಇಂಜೆಕ್ಷನ್ನಿಗೆ ಆದ ಅಲರ್ಜಿ, ಹಳೆಯ ದಪ್ಪ ಕನ್ನಡಕ, ಅಂಗಾತ ಮಲಗಿದರೆ ಬರುವ ಕೆಮ್ಮು. ಶಸ್ತ್ರಚಿಕಿತ್ಸೆಯ ನಡುವೆ ಕೆಮ್ಮು ಬಂದರೆ ಮುಖದತ್ತ ಕೈ ಒಯ್ಯದೆ ಮೊದಲೇ ಬಾಯಿಬಿಟ್ಟು ಹೇಳಬೇಕೆಂದು ಅಜ್ಜಿಗೆ ಮನೆಯಲ್ಲೇ ಒಮ್ಮೆ ತಿಳಿಸಿಡಬಹುದು.